ಕೇಪು, ಗುಂಡು, ಪೆಟ್ಲುಪ್ಪು: ಹಳೆಯ ರಿವಾಲ್ವರಿನ ಎರಡನೇ ಬಾಳು

ಒಂದು ವಸ್ತು ಹಳತಾಯಿತೆಂದು ಜಗತ್ತು ಕೈಬಿಟ್ಟ ಮೇಲೆ ಅದು ಹೋಗಿ ಸೇರುವ ಜಾಗ ಸಾಮಾನ್ಯವಾಗಿ ಎರಡೇ: ಗುಜರಿ ಅಂಗಡಿ, ಇಲ್ಲವೇ ವಸ್ತುಸಂಗ್ರಹಾಲಯದ ಗಾಜಿನ ಕಪಾಟು. ಕರಿಮದ್ದಿನ ರಿವಾಲ್ವರಿಗೆ ಮಾತ್ರ ಮೂರನೆಯ ದಾರಿಯೊಂದು ಸಿಕ್ಕಿತು. ಲೋಹದ ತೋಟಾಗಳು ಬಂದು 1870ರ ದಶಕದಲ್ಲಿ ಅದನ್ನು ಮೂಲೆಗೆ ತಳ್ಳಿದವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಕರಿಮದ್ದಿಗೇ ಸೈನ್ಯಗಳಲ್ಲಿ ಜಾಗ ಇಲ್ಲವಾಯಿತು. ಇಷ್ಟಾದರೂ ಆ ಕಾಲದ ರಿವಾಲ್ವರುಗಳು ಇವತ್ತಿಗೂ ಇಟಲಿಯ ಒಂದು ಕಣಿವೆಯಲ್ಲಿ ಹೊಸದಾಗಿ ತಯಾರಾಗುತ್ತವೆ. ಅವನ್ನು ಕೊಂಡವರು ಭಾನುವಾರದ ಬೆಳಗ್ಗೆಗಳನ್ನು ಹೊಗೆಯಲ್ಲೂ, ಮಧ್ಯಾಹ್ನಗಳನ್ನು ಬಿಸಿನೀರು, ಸೋಪು, ಅರ, ಸ್ಕ್ರೂಡ್ರೈವರುಗಳ ನಡುವೆಯೂ ಕಳೆಯುತ್ತಾರೆ.

ಮೇಲ್ನೋಟಕ್ಕೆ ಇದು ಹಣವೂ ಬಿಡುವೂ ಇರುವವರ ಚಟ. ಆದರೆ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಹವ್ಯಾಸ ಬೇರೊಂದು ಕಾರಣಕ್ಕೆ ಮುಖ್ಯ. ಪುಸ್ತಕಗಳು ಬರೆದಿಡದ ಕೆಲವು ಸಂಗತಿಗಳು ಕೈಗೆ ಮಸಿ ಹತ್ತಿಸಿಕೊಂಡವರಿಗೆ ಮಾತ್ರ ಗೊತ್ತಾಗಿವೆ. ಹಾಗೆಯೇ, ಎಷ್ಟೇ ಮಸಿ ಹತ್ತಿಸಿಕೊಂಡರೂ ಗೊತ್ತಾಗದೆ ಉಳಿದವೂ ಇವೆ.

ಮೊದಲು ಯಂತ್ರವನ್ನು ನೋಡೋಣ. ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರಿಗೆ, ಮಲೆನಾಡಿನ ತೋಟದ ಮನೆಗಳನ್ನು ಕಂಡವರಿಗೆ ಕೇಪಿನ ಕೋವಿ ಹೊಸದಲ್ಲ. ನಳಿಕೆಯ ಬಾಯಿಂದ ಮದ್ದು ಸುರಿದು, ಚರೆಯನ್ನೋ ಗುಂಡನ್ನೋ ಹಾಕಿ ಗಜದಿಂದ ಜಡಿದು, ಹಿಂಬದಿಯ ಪುಟ್ಟ ತೊಟ್ಟಿಗೆ ತಾಮ್ರದ ಕೇಪು ಕೂರಿಸಿದರೆ ಈಡು ಸಿದ್ಧ. ಕುದುರೆ ಬಂದು ಕೇಪಿಗೆ ಬಡಿದಾಗ ಕಿಡಿ ತೂತಿನ ಮೂಲಕ ಮದ್ದಿಗೆ ತಲುಪುತ್ತದೆ. ಈ ಕಿಡಿಯ ಮೂಲ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಬಡಿದರೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಬೆಂಕಿ ಮುಟ್ಟಿಸುವ ಉಪಾಯಕ್ಕೆ ಆತ 1807ರಲ್ಲಿ ಪೇಟೆಂಟ್ ಪಡೆದ. ಕೇಪು ಬಂದದ್ದು ಅದಾದ ಮೇಲೆ.

ಕರಿಮದ್ದಿನ ರಿವಾಲ್ವರ್ ಎಂದರೆ ಇದೇ ಕೇಪಿನ ಕೋವಿಯ ವ್ಯವಸ್ಥೆಯನ್ನು ಅಂಗೈಯಗಲದ ಉಕ್ಕಿನ ಉರುಳೆಯಲ್ಲಿ ಆರು ಸಲ ಕೊರೆದದ್ದು. ಉರುಳೆಯ ಆರು ಗೂಡುಗಳಿಗೂ ಮುಂದಿನಿಂದ ಮದ್ದು ಸುರಿಯಬೇಕು. ಗೂಡಿಗಿಂತ ಕೂದಲೆಳೆಯಷ್ಟು ದಪ್ಪಗಿರುವ ಸೀಸದ ಗುಂಡನ್ನು ನಳಿಕೆಯಡಿಯ ಸನ್ನೆಯಿಂದ ಒತ್ತಬೇಕು. ಒತ್ತುವಾಗ ಗುಂಡಿನ ಸುತ್ತಲಿಂದ ಸೀಸದ ತೆಳುವಾದ ಉಂಗುರವೊಂದು ಕತ್ತರಿಸಿ ಹೊರಬಿದ್ದರೆ ಗುಂಡು ಬಿಗಿಯಾಗಿ ಕೂತಿದೆ ಎಂದರ್ಥ. ಬಿಗಿಯಿಲ್ಲದಿದ್ದರೆ ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೆ ಹಾರಿ ಎರಡು ಮೂರು ಈಡು ಒಟ್ಟಿಗೇ ಹಾರುವ ಅಪಾಯವಿದೆ. ಕೊನೆಗೆ ಹಿಂದಿನ ಆರು ತೊಟ್ಟುಗಳಿಗೆ ಆರು ಕೇಪು. ಇಷ್ಟೆಲ್ಲ ಮಾಡಿ ಆರು ಗುಂಡು ಹಾರಿಸಲು ಒಂದು ನಿಮಿಷವೂ ಬೇಡ, ಮತ್ತೆ ತುಂಬಲು ಹಲವು ನಿಮಿಷ ಬೇಕು.

ಈ ಯಂತ್ರಕ್ಕೆ ಹೆಸರು ತಂದವನು ಅಮೆರಿಕದ ಹಾರ್ಟ್‌ಫರ್ಡಿನ ಸ್ಯಾಮ್ಯುಯೆಲ್ ಕೋಲ್ಟ್. ಹುಟ್ಟಿದ್ದು 1814ರಲ್ಲಿ. ಹದಿಹರೆಯದ ಹುಡುಗನಾಗಿದ್ದಾಗ, 1830ರಲ್ಲಿ, ಆತ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟ 'ಕೋರ್ವೋ' ಎಂಬ ಹಡಗು ಹತ್ತಿದ. ಹಡಗಿನ ಚಕ್ರ ತಿರುಗಿ ನಿಲ್ಲುವ ಬಗೆಯನ್ನು ನೋಡಿ ತನಗೆ ರಿವಾಲ್ವರಿನ ಕಲ್ಪನೆ ಹೊಳೆಯಿತು, ಹಡಗಿನಲ್ಲೇ ಮರದ ಮಾದರಿಯೊಂದನ್ನು ಕೆತ್ತಿದೆ ಎನ್ನುವುದು ಆತ ಬೆಳೆಸಿಕೊಂಡು ಬಂದ ಕಥೆ. ಕಥೆ ಹೇಳಿ ಮಾರುವುದರಲ್ಲಿ ಕೋಲ್ಟ್ ನಿಸ್ಸೀಮ. ತಿರುಗುವ ಉರುಳೆಯ ಬಂದೂಕುಗಳು ಆತನಿಗಿಂತ ಮೊದಲೇ ಇದ್ದವು. ಅಮೆರಿಕದ ಎಲೈಶಾ ಕಾಲಿಯರ್ ಅಂಥದೊಂದಕ್ಕೆ 1818ರಲ್ಲೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದ. ಕೋಲ್ಟ್‌ನ ಹೆಚ್ಚುಗಾರಿಕೆ ಇದ್ದದ್ದು ಕುದುರೆ ಎಳೆದೊಡನೆ ಉರುಳೆ ತಾನೇ ತಿರುಗಿ, ಸರಿಯಾದ ಜಾಗದಲ್ಲಿ ಬೀಗ ಬೀಳುವಂತೆ ಮಾಡಿದ್ದರಲ್ಲಿ. ಬಂಡವಾಳ ಕೂಡಿಸಲು ಆತ 'ಡಾಕ್ಟರ್ ಕೋಲ್ಟ್' ಎಂದು ಹೇಳಿಕೊಂಡು ಊರೂರಲ್ಲಿ ನಗಿಸುವ ಅನಿಲದ ಪ್ರದರ್ಶನ ಕೊಟ್ಟ. 1836ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ನ್ಯೂಜೆರ್ಸಿಯ ಪ್ಯಾಟರ್ಸನ್ನಿನಲ್ಲಿ ಕಾರ್ಖಾನೆಯೂ ಶುರುವಾಯಿತು. ಆರೇ ವರ್ಷಕ್ಕೆ ಅದು ಮುಳುಗಿತು.

ಮುಳುಗಿದವನನ್ನು ಎತ್ತಿದ್ದು ಯುದ್ಧ. 1844ರ ಜೂನಿನಲ್ಲಿ ಟೆಕ್ಸಾಸಿನ ವಾಕರ್ಸ್ ಕ್ರೀಕ್ ಎಂಬಲ್ಲಿ ಸುಮಾರು 15 ಮಂದಿ ರೇಂಜರುಗಳು ಪ್ಯಾಟರ್ಸನ್ ರಿವಾಲ್ವರುಗಳೊಂದಿಗೆ ತಮಗಿಂತ ಹೆಚ್ಚಿದ್ದ ಕಮಾಂಚಿ ಯೋಧರನ್ನು ಸೋಲಿಸಿದರು. ಅದುವರೆಗೆ ಒಂಟಿ ಈಡಿನ ಬಂದೂಕಿನವರು ಮದ್ದು ತುಂಬುವಷ್ಟರಲ್ಲಿ ಕುದುರೆಯ ಮೇಲಿನ ಕಮಾಂಚಿ ಹಲವು ಬಾಣ ಬಿಡುತ್ತಿದ್ದ. ಆ ಲೆಕ್ಕ ಅಂದು ತಲೆಕೆಳಗಾಯಿತು. ಆ ಜಗಳದಲ್ಲಿದ್ದ ಸ್ಯಾಮ್ಯುಯೆಲ್ ವಾಕರ್ ಮುಂದೆ ಮೆಕ್ಸಿಕೋ ಯುದ್ಧಕ್ಕಾಗಿ ಕೋಲ್ಟ್‌ನಿಂದ ಇನ್ನೂ ದೊಡ್ಡ ರಿವಾಲ್ವರ್ ಮಾಡಿಸಿದ. 1847ರ ಆ 'ವಾಕರ್' ಮಾದರಿ ಎರಡು ಕಿಲೋ ತೂಗುತ್ತಿತ್ತು. ಕೈಯಲ್ಲಿ ಹಿಡಿಯುವುದಕ್ಕಿಂತ ಜೀನಿಗೆ ನೇತುಹಾಕುವುದೇ ಹೆಚ್ಚು ಅನುಕೂಲ. ಅದೇ ವರ್ಷ ವಾಕರ್ ಮೆಕ್ಸಿಕೋದಲ್ಲಿ ಸತ್ತ. ಕೋಲ್ಟ್‌ನ ಕಂಪನಿ ಬದುಕಿತು. ಆಮೇಲೆ ಬಂದ 1851ರ 'ನೇವಿ', 1860ರ 'ಆರ್ಮಿ' ಮಾದರಿಗಳು ಎರಡೆರಡು ಲಕ್ಷದ ಲೆಕ್ಕದಲ್ಲಿ ತಯಾರಾದವು. ಲಂಡನ್ನಿನಲ್ಲೂ ಕೋಲ್ಟ್ ಕೆಲವು ವರ್ಷ ಕಾರ್ಖಾನೆ ನಡೆಸಿದ. 1862ರಲ್ಲಿ ಆತ ತೀರಿಕೊಂಡಾಗ ಅಮೆರಿಕದ ಅಂತರ್ಯುದ್ಧ ನಡೆಯುತ್ತಿತ್ತು, ಕಾರ್ಖಾನೆಗೆ ಬಿಡುವಿರಲಿಲ್ಲ.

ಈ ಯುಗ ಮುಗಿದದ್ದು ಬೇಗ. ಉರುಳೆಯ ಗೂಡನ್ನು ಆರಪಾರ ಕೊರೆದು ಹಿಂದಿನಿಂದ ತೋಟಾ ತುಂಬುವ ವಿಧಾನದ ಪೇಟೆಂಟ್ ರೋಲಿನ್ ವೈಟ್ ಎಂಬಾತನದು. ಅದನ್ನು ಬಳಸುವ ಹಕ್ಕು ಪಡೆದದ್ದು ಸ್ಮಿತ್ ಅಂಡ್ ವೆಸನ್. 1869ರಲ್ಲಿ ಆ ಪೇಟೆಂಟಿನ ಅವಧಿ ತೀರಿತು. 1873ರಲ್ಲಿ ಕೋಲ್ಟ್ ಕಂಪನಿಯೇ ತೋಟಾ ರಿವಾಲ್ವರ್ ಮಾರುಕಟ್ಟೆಗೆ ತಂದಿತು. ಕೇಪು-ಗುಂಡಿನ ಕಾಲ ಮೂವತ್ತೈದು ಚಿಲ್ಲರೆ ವರ್ಷಗಳಲ್ಲಿ ಮುಗಿದುಹೋಯಿತು.

ಎರಡನೇ ಬಾಳು ಶುರುವಾದದ್ದು ಇಪ್ಪತ್ತನೇ ಶತಮಾನದಲ್ಲಿ. ಬಾಯಿಂದ ಮದ್ದು ತುಂಬುವ ಬಂದೂಕುಗಳನ್ನು ಮರೆಯಬಾರದೆಂದು ಅಮೆರಿಕದಲ್ಲಿ 1933ರಲ್ಲಿ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. 1950ರಿಂದ ಅಂತರ್ಯುದ್ಧದ ಕಾಲದ ಬಂದೂಕುಗಳಲ್ಲಿ ಗುರಿ ಹೊಡೆಯುವ ಸ್ಪರ್ಧೆಗಳು ನಡೆದವು. ಆದರೆ ಅಸಲಿ ರಿವಾಲ್ವರುಗಳು ಕಡಿಮೆಯಾಗುತ್ತಿದ್ದವು, ಬೆಲೆ ಏರುತ್ತಿತ್ತು, ನೂರು ವರ್ಷದ ಉಕ್ಕನ್ನು ನಂಬುವುದೂ ಕಷ್ಟ. 1961ಕ್ಕೆ ಅಂತರ್ಯುದ್ಧದ ಶತಮಾನೋತ್ಸವ ಬರಲಿತ್ತು. ಇದನ್ನು ಮುಂಗಂಡ ವ್ಯಾಪಾರಿ ವಾಲ್ ಫೋರ್ಜೆಟ್ 1950ರ ದಶಕದ ಕೊನೆಯಲ್ಲಿ ಇಟಲಿಯ ಬ್ರೆಷಿಯಾ ಬಳಿಯ ಗಾರ್ಡೋನೆ ವಾಲ್ ತ್ರೋಂಪಿಯಾ ಎಂಬ ಊರಿಗೆ ಹೋದ. ಅದು ಬಂದೂಕುಗಾರರ ಊರು. ಬೆರೆಟ್ಟಾ ಮನೆತನದವರು 1526ರಲ್ಲೇ ವೆನಿಸ್ ಸರಕಾರಕ್ಕೆ 185 ನಳಿಕೆಗಳನ್ನು ಮಾಡಿಕೊಟ್ಟ ದಾಖಲೆ ಅಲ್ಲಿದೆ. ಕೋಲ್ಟ್ ನೇವಿಯ ಮೊದಲ ನಕಲುಗಳು ಇಲ್ಲಿ ತಯಾರಾದವು. ಆಲ್ಡೋ ಉಬೆರ್ತಿಯ ಕಂಪನಿ ಬೆಳೆದದ್ದು ಈ ಕೆಲಸದಿಂದಲೇ. ಕಾಲದ ಚೇಷ್ಟೆ ನೋಡಿ: 1971ರಲ್ಲಿ ಕೋಲ್ಟ್ ಕಂಪನಿಯೇ ತನ್ನ ಹಳೆಯ ನೇವಿ ಮಾದರಿಯನ್ನು ಮತ್ತೆ ಹೊರತಂದಾಗ ಅದಕ್ಕೆ ಬಳಸಿದ್ದು ಇಟಲಿಯಲ್ಲಿ ತಯಾರಾದ ಒರಟು ಬಿಡಿಭಾಗಗಳನ್ನು.

ಇಟಲಿಯ ಸಿನಿಮಾದವರಿಗೂ ಈ ನಕಲುಗಳು ಒದಗಿ ಬಂದವು. ಸೆರ್ಜಿಯೋ ಲಿಯೋನೆಯ 1966ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ನೋಡಿದವರಿಗೆ ಬಂದೂಕಿನಂಗಡಿಯ ದೃಶ್ಯ ನೆನಪಿರಬಹುದು. ಏಲೈ ವಾಲಕ್‌ನ ಟೂಕೋ ಹಲವು ರಿವಾಲ್ವರುಗಳನ್ನು ಬಿಚ್ಚಿ, ಒಂದರ ನಳಿಕೆಗೆ ಇನ್ನೊಂದರ ಉರುಳೆ ಸೇರಿಸಿ, ಉರುಳೆಯನ್ನು ಕಿವಿಗಿಟ್ಟು ತಿರುಗಿಸಿ ಸದ್ದು ಕೇಳುತ್ತಾನೆ. ಬಂದೂಕು ಬಲ್ಲವರಿಗೆ ಅದು ತಮಾಷೆ, ಏಕೆಂದರೆ ಬೇರೆಬೇರೆ ರಿವಾಲ್ವರುಗಳ ಭಾಗಗಳು ಹಾಗೆ ಸುಮ್ಮನೆ ಹೊಂದಿಕೊಳ್ಳುವುದಿಲ್ಲ. ಆದರೆ ಕಿವಿಗಿಟ್ಟು ಕೇಳುವುದು ಸುಳ್ಳಲ್ಲ. ಉರುಳೆಯ ಬೀಗ ಸಕಾಲಕ್ಕೆ ಬೀಳುತ್ತಿದೆಯೇ ಎಂಬುದು ಕ್ಲಿಕ್ ಸದ್ದಿನಲ್ಲೇ ಗೊತ್ತಾಗುತ್ತದೆ.

ಹವ್ಯಾಸಿಗಳ ಕಲಿಕೆ ಶುರುವಾದದ್ದು ಹೀಗೆ ಭಾಗಗಳು ಹೊಂದಿಕೊಳ್ಳದ ಜಾಗದಲ್ಲೇ. ಕೋಲ್ಟ್ ರಿವಾಲ್ವರಿನ ಮೇಲ್ಗಡೆ ಬಯಲು. ಹಿಂಬದಿಯ ಚೌಕಟ್ಟಿನಿಂದ ಹೊರಟ ಉಕ್ಕಿನ ಗೂಟವೊಂದು ಉರುಳೆಯ ನಡುವೆ ಹಾದು ನಳಿಕೆಯ ಭಾಗದಲ್ಲಿರುವ ತೂತಿಗೆ ಸೇರುತ್ತದೆ. ಅಡ್ಡಲಾಗಿ ಹೊಡೆದ ಒಂದು ಬೆಣೆ ಎರಡನ್ನೂ ಹಿಡಿದಿಡುತ್ತದೆ. ಅಷ್ಟೇ. ಅಸಲಿ ಕೋಲ್ಟ್‌ನಲ್ಲಿ ಗೂಟದ ತುದಿ ತೂತಿನ ತಳಕ್ಕೆ ಗಟ್ಟಿಯಾಗಿ ತಾಗಿರುತ್ತದೆ. ಬೆಣೆ ಎಷ್ಟು ಬಿಗಿದರೂ ನಳಿಕೆ ಅದಕ್ಕಿಂತ ಹಿಂದೆ ಸರಿಯದು. ಇಟಲಿಯ ಅನೇಕ ನಕಲುಗಳಲ್ಲಿ ಗೂಟ ತಳ ಮುಟ್ಟುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಅಸಲಿಗೂ ನಕಲಿಗೂ ಅಂತರವಿಲ್ಲ. ಆದರೆ ಬೆಣೆಯನ್ನು ಸ್ವಲ್ಪ ಹೆಚ್ಚು ಹೊಡೆದರೆ ನಳಿಕೆ ಉರುಳೆಯನ್ನೇ ಒತ್ತಿ ತಿರುಗದಂತೆ ಮಾಡುತ್ತದೆ, ಕಡಿಮೆ ಹೊಡೆದರೆ ಪ್ರತಿ ಈಡಿಗೂ ನಳಿಕೆ ಅಲುಗುತ್ತದೆ, ಬೆಣೆ ಜಜ್ಜಿಹೋಗುತ್ತದೆ. ಹವ್ಯಾಸಿಗಳು ತಲೆಕೆಡಿಸಿಕೊಂಡು, ಅಸಲಿ ಬಂದೂಕನ್ನು ಬಿಚ್ಚಿ ಹೋಲಿಸಿ, ತೂತಿನ ತಳಕ್ಕೆ ಸರಿಯಾದ ದಪ್ಪದ ಉಕ್ಕಿನ ಬಿಲ್ಲೆ ಹಾಕಿದರು. ಸಮಸ್ಯೆ ತೀರಿತು. ರೂಪವನ್ನು ಅಳೆದು ನಕಲು ಮಾಡಬಹುದು, ಆದರೆ ಆ ಅಳತೆ ಹಾಗೇಕಿದೆ ಎಂಬ ಅರಿವು ಅಳತೆಯ ಜೊತೆಗೆ ಬರುವುದಿಲ್ಲ ಎಂಬುದಕ್ಕೆ ಆ ಪುಟ್ಟ ಬಿಲ್ಲೆಗಿಂತ ಒಳ್ಳೆಯ ಪುರಾವೆ ಸಿಗಲಾರದು.

ಇನ್ನೊಂದು ಉದಾಹರಣೆ. ಸಿಡಿದ ಕೇಪಿನ ತಾಮ್ರದ ಚೂರು ಕುದುರೆಯ ಮುಂದಿನ ಸಂದಿಗೆ ಬಿದ್ದರೆ ಇಡೀ ಯಂತ್ರ ಕಚ್ಚಿಕೊಂಡು ನಿಲ್ಲುತ್ತದೆ. ಇದನ್ನು ತಪ್ಪಿಸಲು ಹವ್ಯಾಸಿಗಳು ನಳಿಕೆಯನ್ನು ಆಕಾಶಕ್ಕೆತ್ತಿ ಕುದುರೆ ಎಳೆಯುತ್ತಾರೆ. ಚೂರು ಹೊರಗೆ ಉದುರಿಹೋಗುತ್ತದೆ. ಹಳೆಯ ಸಿನಿಮಾಗಳಲ್ಲಿ ಸುಮ್ಮನೆ ಗತ್ತಿನಂತೆ ಕಾಣುವ ಭಂಗಿಗೆ ಹೀಗೊಂದು ಉಪಯೋಗವಿದೆ ಎಂಬುದು ಗೊತ್ತಾಗಲು ಯಂತ್ರ ಒಮ್ಮೆಯಾದರೂ ಕೈಯಲ್ಲಿ ಕಚ್ಚಿಕೊಳ್ಳಬೇಕು.

ಮೂರನೆಯದು ನಮ್ಮ ಇತಿಹಾಸಕ್ಕೇ ಸಂಬಂಧಪಟ್ಟದ್ದು. 1857ರ ದಂಗೆಯ ಪಾಠದಲ್ಲಿ ಎನ್‌ಫೀಲ್ಡ್ ಕೋವಿಯ ಕೊಬ್ಬು ಸವರಿದ ತೋಟಾಗಳ ಬಗ್ಗೆ ಓದದವರಿಲ್ಲ. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದರಲ್ಲಿ ದನದ, ಹಂದಿಯ ಕೊಬ್ಬಿದೆ ಎಂಬ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿತು. ಆದರೆ ಕೋವಿಗೆ ಕೊಬ್ಬೇಕೆ ಬೇಕಿತ್ತು ಎಂದು ನಾವು ಕೇಳಿಕೊಂಡದ್ದು ಕಡಿಮೆ. ಕರಿಮದ್ದು ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ಅದರ ದೊಡ್ಡ ಪಾಲು ಗಟ್ಟಿ ಮಸಿಯಾಗಿ ನಳಿಕೆಯೊಳಗೆ ಉಳಿಯುತ್ತದೆ. ಒಣ ಹವೆಯಲ್ಲಿ ಕೆಲವೇ ಈಡುಗಳಿಗೆ ಅದು ಗಾರೆಯಂತೆ ಗಟ್ಟಿಯಾಗಿ ಮುಂದಿನ ಗುಂಡು ಇಳಿಯದಂತೆ ಮಾಡುತ್ತದೆ. ಕೊಬ್ಬು ಆ ಮಸಿಯನ್ನು ಮೆತ್ತಗಿಡುತ್ತದೆ. ಇಂದಿನ ಹವ್ಯಾಸಿಗಳಲ್ಲಿ ಕೆಲವರು ಯಂತ್ರಗಳಿಗೆ ಬಳಸುವ ಪೆಟ್ರೋಲಿಯಂ ಗ್ರೀಸನ್ನು ಹಾಕಿ ನೋಡಿದರು. ಅದು ಮಸಿಯೊಂದಿಗೆ ಸೇರಿ ಡಾಂಬರಿನಂತಾಯಿತು. ಕೊನೆಗೆ ಅವರು ಬಂದು ನಿಂತದ್ದು ಕುರಿಯ ಕೊಬ್ಬು, ಜೇನುಮೇಣಗಳ ಹಳೆಯ ಬೆರಕೆಗೇ. ಎನ್‌ಫೀಲ್ಡಿನ ತೋಟಾಕ್ಕೂ ಕೊಬ್ಬು, ಜೇನುಮೇಣಗಳದೇ ಲೇಪ. ಯಾವ ಪ್ರಾಣಿಯ ಕೊಬ್ಬು ಎನ್ನುವುದು ಸಿಪಾಯಿಯ ಪ್ರಶ್ನೆಯಾಗಿತ್ತು. ಕೊಬ್ಬೇ ಇಲ್ಲದೆ ಆ ಕೋವಿ ನಡೆಯದು ಎನ್ನುವುದು ಕಂಪನಿ ಸರಕಾರದ ಇಕ್ಕಟ್ಟಾಗಿತ್ತು. ದಂಗೆಗೆ ಕಾರಣಗಳು ನೂರಿದ್ದವು. ಆದರೂ ಕಿಡಿ ಬಿದ್ದದ್ದು ಇದೇ ಜಾಗದಲ್ಲಿ ಏಕೆ ಎಂಬುದು, ಗಟ್ಟಿಯಾದ ಮಸಿಯ ಮೇಲೆ ಗುಂಡು ಜಡಿಯಲು ಹೆಣಗಿದವರಿಗೆ ಬೇಗ ಅರ್ಥವಾಗುತ್ತದೆ.

ಇಷ್ಟು ಹೇಳಿದ ಮೇಲೆ ಈ ಅರಿವಿನ ಗಡಿಯನ್ನೂ ಹೇಳಬೇಕು. ಕೈ ಕಲಿಯಬೇಕಾದರೆ ಕೈಯಲ್ಲಿ ವಸ್ತು ಇರಬೇಕು. ಅದನ್ನು ಹಿಡಿಯುವ ಹಕ್ಕು ಯಾರಿಗಿದೆ ಎಂಬುದು ಎಲ್ಲ ಕಾಲದಲ್ಲೂ ರಾಜಕೀಯದ ಪ್ರಶ್ನೆ. ಅಮೆರಿಕದ 1968ರ ಬಂದೂಕು ಕಾಯ್ದೆ ಕೇಪು-ಗುಂಡಿನ ನಕಲುಗಳನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸಿ ಹೊರಗಿಟ್ಟಿತು. ಅಲ್ಲಿ ಈ ಹವ್ಯಾಸ ಬೆಳೆಯಲು ಅದೂ ಒಂದು ಕಾರಣ. ನಮ್ಮಲ್ಲಿ ಕೇಪಿನ ಒಂಟಿ ನಳಿಕೆ ಕೋವಿಗೂ ಲೈಸನ್ಸ್ ಬೇಕು, ಅದು ಬೆಳೆ ಕಾಯುವ ರೈತನ ಸಲಕರಣೆಯೇ ಹೊರತು ಹವ್ಯಾಸವಲ್ಲ. ಇದರ ಹಿಂದೆಯೂ 1857 ಇದೆ. ಆ ವರ್ಷ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಲಾವಣಿಯಾಗಿ ಆ ಕಥೆ ಇಂದಿಗೂ ಉಳಿದಿದೆ. ನಾಲ್ಕೇ ವರ್ಷಗಳ ಬಳಿಕ, 1861ರಲ್ಲಿ, ಅದೇ ಆಡಳಿತ ಕೊಡವರಿಗೆ ಆಯುಧ ಕಾಯ್ದೆಯಿಂದ ರಿಯಾಯಿತಿ ಕೊಟ್ಟಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡಗಿನ ಮನೆಗಳಲ್ಲಿ ಕೋವಿಗೆ ಇಂದಿಗೂ ಪೂಜೆ ನಡೆಯುತ್ತದೆ. ಒಂದೇ ಸರಕಾರ, ಒಂದೇ ದಶಕದೊಳಗೆ, ಒಂದು ಕೈಯಿಂದ ಆಯುಧ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಉಳಿಯಗೊಟ್ಟಿತು.

ಹವ್ಯಾಸದಿಂದ ಮರಳಿ ಬಾರದ ಕೈಗಳೂ ಇವೆ. ಅಂತರ್ಯುದ್ಧದ ದಕ್ಷಿಣ ಪಕ್ಷಕ್ಕೆ ಕಬ್ಬಿಣದ ಕೊರತೆಯಿತ್ತು. ಜಾರ್ಜಿಯಾದ ಗ್ರಿಸ್‌ವೋಲ್ಡ್‌ವಿಲ್‌ನಲ್ಲಿ ಹತ್ತಿ ಯಂತ್ರಗಳ ಕಾರ್ಖಾನೆಯೊಂದು ಕೋಲ್ಟ್ ನೇವಿಯನ್ನು ನಕಲು ಮಾಡಿ, ಹಿತ್ತಾಳೆಬಣ್ಣದ ಮಿಶ್ರಲೋಹದ ಚೌಕಟ್ಟಿನಲ್ಲಿ ಕೆಲವು ಸಾವಿರ ರಿವಾಲ್ವರುಗಳನ್ನು ತಯಾರಿಸಿತು. ಅಲ್ಲಿನ ಕೆಲಸಗಾರರಲ್ಲಿ ಹೆಚ್ಚಿನವರು ಗುಲಾಮರು. ತಮ್ಮನ್ನು ಗುಲಾಮರನ್ನಾಗಿಯೇ ಉಳಿಸಲು ಹೋರಾಡುತ್ತಿದ್ದ ಸೈನ್ಯಕ್ಕೆ ಅವರು ಆಯುಧ ಮಾಡಿಕೊಟ್ಟರು. 1864ರ ನವೆಂಬರಿನಲ್ಲಿ ಉತ್ತರದ ಸೈನಿಕರು ಆ ಕಾರ್ಖಾನೆಯನ್ನು ಸುಟ್ಟರು. ಇಂದು ಹಿತ್ತಾಳೆ ಚೌಕಟ್ಟಿನ ನಕಲುಗಳು ಅಗ್ಗದ ಬೆಲೆಗೆ ಸಿಗುತ್ತವೆ. ಹೆಚ್ಚು ಮದ್ದು ಹಾಕಿದರೆ ಹಿತ್ತಾಳೆ ಸಡಿಲಗೊಳ್ಳುತ್ತದೆ ಎಂಬುದು ಕೊಂಡವರಿಗೆ ಗೊತ್ತಿದೆ. ಮೂಲದ ಚೌಕಟ್ಟುಗಳನ್ನು ಅರದಿಂದ ಉಜ್ಜಿ ಹೊಂದಿಸಿದವರ ಹೆಸರನ್ನು ಯಾವ ಅರವೂ ಹೇಳಿಕೊಡದು. ವಾಕರ್ಸ್ ಕ್ರೀಕಿನಲ್ಲಿ ಬಿದ್ದ ಕಮಾಂಚಿಗಳ ಮಾತೂ ಅಷ್ಟೆ.

ಇನ್ನು ಮದ್ದು. ಕರಿಮದ್ದಿನಲ್ಲಿ ಇದ್ದಿಲು, ಗಂಧಕಗಳಿಗಿಂತ ಎಷ್ಟೋ ಪಾಲು ಹೆಚ್ಚಿರುವುದು ಪೆಟ್ಲುಪ್ಪು. ಹತ್ತೊಂಬತ್ತನೇ ಶತಮಾನದಲ್ಲಿ ಅದರ ದೊಡ್ಡ ಮೂಲ ಬಿಹಾರ. ಅಲ್ಲಿನ ನೋನಿಯಾ ಜಾತಿಯವರು ದನದ ಕೊಟ್ಟಿಗೆ, ಹಳೆಯ ಮಣ್ಣಿನ ಗೋಡೆಗಳ ಸುತ್ತ ಬೇಸಗೆಯಲ್ಲಿ ಬಿಳಿಯಾಗಿ ಏಳುವ ಉಪ್ಪುಮಣ್ಣನ್ನು ಕೆರೆದು, ನೀರು ಹಾಯಿಸಿ ಸೋಸಿ, ಕುದಿಸಿ ಹರಳುಗಟ್ಟಿಸುತ್ತಿದ್ದರು. ಅದು ಗಂಗೆಯಲ್ಲಿ ಕಲ್ಕತ್ತೆಗೆ, ಅಲ್ಲಿಂದ ಜಗತ್ತಿಗೆ ಹೋಗುತ್ತಿತ್ತು. 1861ರ ಕೊನೆಯಲ್ಲಿ ಅಮೆರಿಕದ ಉತ್ತರ ಪಕ್ಷದ ಪರವಾಗಿ ಲಾಮೋ ಡುಪಾಂಟ್ ಎಂಬ ಮದ್ದಿನ ಕಾರ್ಖಾನೆಯ ಯಜಮಾನ ಗುಟ್ಟಾಗಿ ಲಂಡನ್ನಿಗೆ ಹೋಗಿ, ಸಿಕ್ಕಷ್ಟೂ ಭಾರತದ ಪೆಟ್ಲುಪ್ಪನ್ನು ಕೊಂಡುಬಿಟ್ಟ. ಅಷ್ಟರಲ್ಲಿ 'ಟ್ರೆಂಟ್' ಹಡಗಿನ ವಿವಾದದಿಂದ ಬ್ರಿಟನ್, ಅಮೆರಿಕಗಳ ನಡುವೆ ಯುದ್ಧದ ಮಾತು ಎದ್ದಿತು. ಬ್ರಿಟಿಷ್ ಸರಕಾರ ಪೆಟ್ಲುಪ್ಪಿನ ರಫ್ತನ್ನು ತಡೆಯಿತು. ವಿವಾದ ತಣ್ಣಗಾದ ಮೇಲೆಯೇ ಹಡಗುಗಳು ಹೊರಟವು. ಹುಡುಗ ಕೋಲ್ಟ್ 1830ರಲ್ಲಿ ಹೊರಟಿದ್ದ ಕಲ್ಕತ್ತೆಯಿಂದಲೇ, ಮೂವತ್ತು ವರ್ಷಗಳ ಮೇಲೆ, ಆತನ ರಿವಾಲ್ವರುಗಳಿಗೆ ಬೇಕಾದ ಉಪ್ಪು ಹೊರಟು ಲಂಡನ್ ಬಳಸಿ ಅಮೆರಿಕ ಸೇರಿತು.

ಇಂದು ಈ ರಿವಾಲ್ವರುಗಳಿಗೆ ವಿಶ್ವ ಚಾಂಪಿಯನ್‌ಶಿಪ್ ಇದೆ. 25 ಮೀಟರ್ ದೂರದ ಗುರಿಗೆ 30 ನಿಮಿಷಗಳಲ್ಲಿ 13 ಈಡು. ಲೆಕ್ಕಕ್ಕೆ ಬರುವುದು ಒಳ್ಳೆಯ ಹತ್ತು. ಅಸಲಿಗೂ ನಕಲಿಗೂ ಬೇರೆಬೇರೆ ವಿಭಾಗ. ಮದ್ದನ್ನು ಮೊದಲೇ ಅಳೆದು ಪುಟ್ಟ ಶೀಷೆಗಳಲ್ಲಿ ತಂದಿರಬೇಕು. ಅವಸರವಿಲ್ಲದ, ಎದುರಾಳಿಯ ರಕ್ತವಿಲ್ಲದ ಶಾಂತ ಸ್ಪರ್ಧೆ. ಅವಸರದಲ್ಲಿ ಕೊಲ್ಲಲೆಂದು ಹುಟ್ಟಿದ ಯಂತ್ರ ಹೀಗೆ ತಾಳ್ಮೆಯ ಪರೀಕ್ಷೆಯಾಗಿ ಮುಗಿದದ್ದು ಒಳ್ಳೆಯದೇ ಆಯಿತು. ಬೆಣೆಯ ಬಿಗಿ, ಕೇಪಿನ ಚೂರು, ಕೊಬ್ಬಿನ ಹದ ಇವೆಲ್ಲ ಇನ್ನು ಮರೆತುಹೋಗುವ ಭಯವಿಲ್ಲ. ಅವನ್ನು ಕಲಿಯಲು ಸಂಘಗಳಿವೆ, ಕಲಿಸಲು ಹಿರಿಯರಿದ್ದಾರೆ. ಕೊಟ್ಟಿಗೆಯ ಮಣ್ಣು ಕೆರೆದು, ನಾಲಗೆಗೆ ಹಚ್ಚಿ, ಇದರಲ್ಲಿ ಉಪ್ಪು ಎಷ್ಟಿದೆ ಎಂದು ಹೇಳಬಲ್ಲವರ ವಿದ್ಯೆಗೆ ಮಾತ್ರ ಅಂಥ ಸಂಘ ಹುಟ್ಟಲಿಲ್ಲ. ಆ ಉಪ್ಪಿಲ್ಲದೆ ಕೋಲ್ಟ್‌ನ ಆರು ಗೂಡುಗಳೂ ಖಾಲಿ.